ನಗದ ಮಾರಿ, ನಡೆವ ಚಪ್ಪಲಿ

"ಇವ್ರ ಮಾರಿ ಯಾಕ ಹಿಂಗ ಐತಿ?"

ಚಿಕ್ಕೋಡಿ ತಾಲೂಕಿನ ಕರೋಶಿಯಂಥ ಊರಲ್ಲಿ ಕಟ್ಟೆಯ ಮೇಲೆ ಕೂತು ಮೊಬೈಲ್‌ನಲ್ಲಿ ಫ್ಯಾಶನ್ ಶೋದ ತುಣುಕು ನೋಡುವವರಿಗೆ ಮೊದಲು ಹೊಳೆಯುವ ಪ್ರಶ್ನೆ ಇದು. ಬಟ್ಟೆ ಚಂದವೋ ಅಲ್ಲವೋ ಎಂಬುದು ಆಮೇಲಿನ ಮಾತು. ಮೈಮೇಲೆ ಲಕ್ಷಗಟ್ಟಲೆ ಬೆಲೆಯ ಉಡುಪು, ತಲೆಯ ಮೇಲೆ ಝಗಝಗಿಸುವ ದೀಪ, ಎರಡೂ ಬದಿಗೆ ಗಣ್ಯರು. ಇಷ್ಟೆಲ್ಲ ಇದ್ದೂ ನಡೆದು ಬರುವ ಹುಡುಗ ಹುಡುಗಿಯರ ಮುಖದಲ್ಲಿ ಸಂತೋಷವಿಲ್ಲ, ಸಿಟ್ಟಿಲ್ಲ, ನಾಚಿಕೆಯಿಲ್ಲ, ದಣಿವು ಕೂಡ ಇಲ್ಲ. ಬಂದರು, ನಿಂತರು, ತಿರುಗಿದರು, ಹೋದರು. ದೀಪಾವಳಿಗೆ ಹೊಸ ಅಂಗಿ ಬಂದರೆ ಓಣಿಯ ಎಲ್ಲ ಮನೆಗೂ ಹೋಗಿ ತೋರಿಸಿ ಬರುವ ಮಕ್ಕಳನ್ನು ಕಂಡವರಿಗೆ ಈ ಮುಖ ಒಗಟಾಗಿ ಕಾಣುವುದು ಸಹಜ.

2025ರ ಜೂನ್ 22ರ ನಂತರ ಈ ಒಗಟು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಜನರಿಗೆ ತೀರ ಹತ್ತಿರದ್ದಾಯಿತು. ಅಂದು ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಕಂಪನಿ ಮುಂದಿನ ವರ್ಷದ ಬೇಸಿಗೆಗೆಂದು ಸಿದ್ಧಪಡಿಸಿದ ಗಂಡಸರ ಉಡುಪುಗಳ ಪ್ರದರ್ಶನವಿತ್ತು. ನೆಲದ ಮೇಲೆ ಅಲ್ಲಲ್ಲಿ ಹೂವಿನ ಆಕಾರದ ದಪ್ಪ ಹಾಸುಗಳು. ಅವುಗಳ ನಡುವೆ ಎಳೆಯ ಮಾಡೆಲ್‌ಗಳು ಒಬ್ಬರ ಹಿಂದೊಬ್ಬರು ನಡೆದು ಹೋದರು. ಅವರಲ್ಲಿ ಹಲವರ ಕಾಲಲ್ಲಿದ್ದದ್ದು ಈ ಭಾಗದ ಯಾವ ಸಂತೆಯಲ್ಲಾದರೂ ದೂರದಿಂದಲೇ ಗುರುತು ಹಿಡಿಯಬಹುದಾದ ಚಪ್ಪಲಿ: ಹೆಬ್ಬೆರಳಿಗೆ ಉಂಗುರ, ಪಾದಕ್ಕೆ ಅಡ್ಡ ಪಟ್ಟಿ, ನಡುವೆ ಹೆಣೆದ ಚರ್ಮ. ಕಂಪನಿ ಅದನ್ನು ಬರೀ ಚರ್ಮದ ಸ್ಯಾಂಡಲ್ ಎಂದು ಕರೆದಿತ್ತು. ಊರಿನ ಹೆಸರಿಲ್ಲ, ದೇಶದ ಹೆಸರೂ ಇಲ್ಲ. ಆ ಚಪ್ಪಲಿಯ ಬಗ್ಗೆ ಭಾರತದ ತುಂಬ ಗದ್ದಲವಾಯಿತು. ಹಾಕಿಕೊಂಡು ನಡೆದವರ ಮುಖ ಮಾತ್ರ ಯಾರಿಗೂ ನೆನಪಿಲ್ಲ. ನೆನಪುಳಿಯಬಾರದು ಎಂದೇ ಆ ಮುಖಗಳನ್ನು ಹಾಗೆ ಇಡಿಸಲಾಗಿರುತ್ತದೆ. ಮುಖದಿಂದ ಭಾವ ಅಳಿಸಿದ್ದಕ್ಕೂ ಚಪ್ಪಲಿಯಿಂದ ಊರು ಅಳಿಸಿಹೋದದ್ದಕ್ಕೂ ಇರುವ ನಂಟನ್ನು ಬಿಡಿಸಿ ನೋಡಬೇಕಾಗಿದೆ.

ಮೊದಲು ಒಂದು ಅಪವಾದ ತೊಡೆಯಬೇಕು. ಮಾಡೆಲ್‌ಗಳು ಸೊಕ್ಕಿನಿಂದ ನಗುವುದಿಲ್ಲ ಎಂಬ ಮಾತು ಸರಿಯಲ್ಲ. ನಗದೆ ಇರುವುದು ಅವರಿಗೆ ಒಪ್ಪಿಸಿದ ಕೆಲಸ. ಒಂದು ಶೋ ಹತ್ತು ಹದಿನೈದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಅದರಲ್ಲಿ ಒಬ್ಬೊಬ್ಬರು ಜನರ ಕಣ್ಣಿಗೆ ಬೀಳುವುದು ಒಂದು ನಿಮಿಷದ ಆಸುಪಾಸು. ಅಷ್ಟರೊಳಗೆ ಕೊಳ್ಳುವವರು ಬಟ್ಟೆಯ ಹೊಲಿಗೆ, ಬೀಳು, ಬಣ್ಣ ನೋಡಬೇಕು. ರ‍್ಯಾಂಪಿನ ತುದಿಯಲ್ಲಿ ಗುಂಪಾಗಿ ನಿಂತ ಫೋಟೋಗ್ರಾಫರ್‌ಗಳು ಪ್ರತಿಯೊಂದು ಉಡುಪನ್ನೂ ಒಂದೇ ಕೋನದಿಂದ ಹಿಡಿಯಬೇಕು. ಆ ಚಿತ್ರಗಳನ್ನು ಸಾಲಾಗಿ ಜೋಡಿಸಿದಾಗ ಬದಲಾಗುತ್ತ ಹೋಗಬೇಕಾದದ್ದು ಉಡುಪು ಮಾತ್ರ. ಸಾಲಿನ ನಡುವೆ ಒಬ್ಬಳು ನಕ್ಕಳೆಂದರೆ ನೋಡುವವರ ಕಣ್ಣು ಆ ನಗುವಿಗೇ ಹೋಗಿ ಅಂಟಿಕೊಳ್ಳುತ್ತದೆ. ಮನುಷ್ಯನ ಮುಖ ಕಂಡರೆ ಕಣ್ಣು ಅತ್ತ ಹೊರಳದೆ ಇರುವುದಿಲ್ಲ. ಆ ಎಳೆತವನ್ನು ಸಾಧ್ಯವಾದಷ್ಟು ಸಡಿಲಿಸುವುದೇ ನಿರ್ಭಾವದ ಕೆಲಸ.

ನಗುವನ್ನು ಬೇಕೆಂದಾಗ ತರಿಸುವುದೂ ಸುಲಭವಲ್ಲ. ಫ್ರಾನ್ಸಿನ ವೈದ್ಯ ಡುಶೆನ್ 1862ರಲ್ಲಿ ಪ್ರಕಟಿಸಿದ ತನ್ನ ಅಧ್ಯಯನದಲ್ಲಿ ನಿಜವಾದ ನಗುವಿಗೆ ಎರಡು ಕಡೆಯ ಸ್ನಾಯು ದುಡಿಯಬೇಕೆಂದು ತೋರಿಸಿದ. ತುಟಿಯ ಮೂಲೆಯನ್ನು ಮೇಲೆತ್ತುವ ಸ್ನಾಯು ನಾವು ಹೇಳಿದಂತೆ ಕೇಳುತ್ತದೆ. ಕಣ್ಣಿನ ಸುತ್ತಲಿನದು ಹಾಗಲ್ಲ, ಒಳಗೆ ಸಂತೋಷವಾಗದೆ ಅದು ಮಿಸುಕುವುದು ಕಷ್ಟ. ಅರ್ಧ ಗಂಟೆ ಮೊದಲು ಕೂದಲು ಎಳೆಸಿಕೊಂಡು, ಅಳತೆಗೆ ಹೊಂದದ ಬೂಟಿನಲ್ಲಿ ಪಾದ ತುರುಕಿಕೊಂಡು ನಿಂತ ಇಪ್ಪತ್ತು ಮೂವತ್ತು ಜನ ಸಾಲಾಗಿ ನಕ್ಕರೆ ಅದು ನಾಟಕವೆಂದು ಯಾರಿಗಾದರೂ ತಿಳಿಯುತ್ತದೆ. ಏನೂ ತೋರಿಸದ ಮುಖದಲ್ಲಿ ಸುಳ್ಳು ಸಿಕ್ಕಿಬೀಳುವುದಿಲ್ಲ.

ಇದೇ ನಡಿಗೆ, ಇದೇ ವೇದಿಕೆ ಸೌಂದರ್ಯ ಸ್ಪರ್ಧೆಯದ್ದಾದರೆ ನಗು ಕಡ್ಡಾಯ. ಬೆಂಗಳೂರಿನಲ್ಲಿ ಬೆಳೆದ ಲಾರಾ ದತ್ತಾ 2000ದಲ್ಲಿ ಸೈಪ್ರಸ್‌ನಲ್ಲಿ ಭುವನಸುಂದರಿ (ಮಿಸ್ ಯೂನಿವರ್ಸ್) ಕಿರೀಟ ತೊಟ್ಟಾಗ ಕಂಡ ಮುಖವನ್ನೂ ಅದೇ ಕಾಲದ ಯಾವುದೇ ರ‍್ಯಾಂಪಿನ ಮುಖವನ್ನೂ ಪಕ್ಕದಲ್ಲಿಟ್ಟು ನೋಡಿದರೆ ಗೊತ್ತಾಗುತ್ತದೆ. ಸ್ಪರ್ಧೆಯಲ್ಲಿ ಅಂಕ ಬೀಳುವುದು ವ್ಯಕ್ತಿಗೆ. ಆಕೆಗೆ ಹೆಸರಿದೆ, ಎದೆಯ ಮೇಲೆ ದೇಶದ ಪಟ್ಟಿಯಿದೆ, ಕೇಳಿದ ಪ್ರಶ್ನೆಗೆ ಉತ್ತರಿಸುವ ಬಾಯಿದೆ. ರ‍್ಯಾಂಪಿನಲ್ಲಿ ಅಂಕ ಬೀಳುವುದು ಬಟ್ಟೆಗೆ. ಒಬ್ಬರೇ ಎರಡೂ ಕಡೆ ಕೆಲಸ ಮಾಡಿದ ಉದಾಹರಣೆಗಳು ಬೇಕಾದಷ್ಟಿವೆ. ಹೋದ ಕಡೆಗೆ ತಕ್ಕಂತೆ ಮುಖ ಬದಲಾಯಿಸುವುದನ್ನು ಅವರು ಕಲಿತಿರುತ್ತಾರೆ.

ಈ ಶಿಸ್ತು ಮುರಿದಾಗ ಏನಾಗುತ್ತದೆ ಎಂಬುದಕ್ಕೂ ಚಪ್ಪಲಿಯದೇ ಸಾಕ್ಷಿ ಇದೆ. 1993ರಲ್ಲಿ ಪ್ಯಾರಿಸ್‌ನಲ್ಲಿ ವಿವಿಯನ್ ವೆಸ್ಟ್‌ವುಡ್ ಶೋ ನಡೆದಾಗ ನವೋಮಿ ಕ್ಯಾಂಪ್‌ಬೆಲ್ ವಿಪರೀತ ಎತ್ತರದ ಬೂಟು ಹಾಕಿ ನಡೆಯುತ್ತಿದ್ದಳು. ಕಾಲು ಹೊರಳಿ ನೆಲಕ್ಕೆ ಬಿದ್ದಳು. ಬಿದ್ದಲ್ಲೇ ಕೂತು ಮನಸಾರೆ ನಕ್ಕಳು. ಆ ಶೋದಲ್ಲಿ ಯಾರು ಏನು ತೊಟ್ಟಿದ್ದರು ಎಂಬುದನ್ನು ಜಗತ್ತು ಮರೆತಿದೆ, ಆ ನಗು ಮಾತ್ರ ಉಳಿದಿದೆ. ಆ ಬೂಟುಗಳು ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿವೆ.

ನಿರ್ಭಾವದ ಮೂಲ ಹುಡುಕಿಕೊಂಡು ಹೋದರೆ ಸಿಗುವುದು ಯಜಮಾನಿಕೆಯ ಕಥೆ. ಯೂರೋಪಿನಲ್ಲಿ ಹೊಸ ಉಡುಪುಗಳ ಸುದ್ದಿ ಮುಟ್ಟಿಸಲು ಬಹುಕಾಲ ಗೊಂಬೆಗಳಿಗೆ ಬಟ್ಟೆ ತೊಡಿಸಿ ಊರಿಂದೂರಿಗೆ ಕಳಿಸುತ್ತಿದ್ದರು. 1858ರಲ್ಲಿ ಪ್ಯಾರಿಸ್‌ನಲ್ಲಿ ಅಂಗಡಿ ತೆರೆದ ಚಾರ್ಲ್ಸ್ ಫ್ರೆಡರಿಕ್ ವರ್ತ್ ಗೊಂಬೆಯ ಜಾಗದಲ್ಲಿ ಜೀವಂತ ಹೆಣ್ಣುಮಕ್ಕಳನ್ನು ನಿಲ್ಲಿಸಿದ. ಅವನ ಹೆಂಡತಿ ಮೇರಿ ವೆರ್ನೆಯನ್ನೇ ಮೊದಲ ವೃತ್ತಿಪರ ಮಾಡೆಲ್ ಎಂದು ಹೇಳುವುದುಂಟು. ಗೊಂಬೆ ಹೋಗಿ ಹೆಣ್ಣು ಬಂದಳು, ಗೊಂಬೆಯಿಂದ ಬಯಸುತ್ತಿದ್ದ ಮೌನ ಮಾತ್ರ ಹಾಗೇ ಉಳಿಯಿತು. ಕೊಳ್ಳಲು ಬಂದವರು ರಾಣಿಯರು, ಸಾಹುಕಾರರ ಹೆಂಡಂದಿರು. ತೊಟ್ಟು ತೋರಿಸುವವರು ಬಡವರ ಮನೆಯ ಹುಡುಗಿಯರು. ರಾಣಿಯ ಬಟ್ಟೆ ತೊಟ್ಟ ಕೂಲಿಯ ಹುಡುಗಿ ರಾಣಿಯ ಕಣ್ಣಲ್ಲಿ ಕಣ್ಣಿಟ್ಟು ನಕ್ಕರೆ ಇಬ್ಬರೂ ಸಮಾನರಾಗಿಬಿಡುತ್ತಾರೆ. ಅದಾಗಕೂಡದಿತ್ತು.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಲಂಡನ್ನಿನಲ್ಲಿ ಲೂಸಿಲ್ ಎಂಬ ಹೆಸರಿನಲ್ಲಿ ಅಂಗಡಿ ನಡೆಸಿದ ಲೇಡಿ ಡಫ್ ಗಾರ್ಡನ್ ಇದನ್ನು ಒಂದು ಕಲೆಯನ್ನಾಗಿಯೇ ಬೆಳೆಸಿದಳು. ದುಡಿಯುವ ಮನೆಗಳ ಹುಡುಗಿಯರನ್ನು ಆರಿಸಿ, ನಡಿಗೆ ಕಲಿಸಿ, ಅವರಿಗೆ ಬೇರೆ ಹೆಸರುಗಳನ್ನೇ ಇಟ್ಟಳು. ಅವರಲ್ಲಿ ಡೊಲೊರೆಸ್ ಎಂಬಾಕೆ ನ್ಯೂಯಾರ್ಕಿನ ಝೀಗ್‌ಫೆಲ್ಡ್ ಪ್ರದರ್ಶನಗಳ ವೇದಿಕೆಗೆ ಹೋದಳು. ಹಾಡಲಿಲ್ಲ, ಕುಣಿಯಲಿಲ್ಲ, ಬರೀ ನಡೆದೇ, ನಗದ ಮುಖದಿಂದಲೇ ಹೆಸರುವಾಸಿಯಾದಳು. ತಂದೆತಾಯಿ ಇಟ್ಟ ಹೆಸರು, ಹುಟ್ಟಿದ ಓಣಿ, ಆಡುವ ಮಾತು ಇವನ್ನೆಲ್ಲ ಕಳಚಿಟ್ಟ ಮೇಲೆ ಉಳಿದ ಮುಖವದು.

ಆ ಕಾಲದಲ್ಲಿ ಕ್ಯಾಮರಾದ ಮುಂದೆ ನಗುವ ರೂಢಿ ಶ್ರೀಮಂತರಿಗೂ ಇರಲಿಲ್ಲ, ಬಡವರಿಗೂ ಇರಲಿಲ್ಲ. ಈ ಸೀಮೆಯ ಹಳೆಯ ಮನೆಗಳ ಪಡಸಾಲೆಯಲ್ಲಿ ತೊಲೆಗೆ ಒರಗಿಸಿ ತೂಗುಹಾಕಿದ ಅಜ್ಜ ಅಜ್ಜಿಯರ ಫೋಟೋ ಗಮನಿಸಿದರೂ ಸಾಕು. ಪಟಗಾ ಸುತ್ತಿದ ಅಜ್ಜ, ತಲೆ ತುಂಬ ಸೆರಗು ಹೊದ್ದ ಅಜ್ಜಿ, ಇಬ್ಬರೂ ಕಣ್ಣು ಮಿಟುಕಿಸದೆ ನೇರ ನೋಡುತ್ತಾರೆ. ಮೊದಮೊದಲು ಫೋಟೋ ಮೂಡಲು ಬಹಳ ಹೊತ್ತು ಅಲುಗಾಡದೆ ಕೂರಬೇಕಿತ್ತು. ಆ ಕಷ್ಟ ತಪ್ಪಿದ ಮೇಲೂ ಫೋಟೋ ಎಂದರೆ ಆಯುಷ್ಯಕ್ಕೆ ಒಂದೋ ಎರಡೋ ಸಲ ಒದಗುವ ಗಂಭೀರ ಪ್ರಸಂಗವಾಗಿಯೇ ಉಳಿದಿತ್ತು. ಅಮೆರಿಕದ ಹೈಸ್ಕೂಲುಗಳ ವಾರ್ಷಿಕ ಪುಸ್ತಕಗಳಿಂದ 1905ರಿಂದ 2013ರವರೆಗಿನ ಸುಮಾರು 38 ಸಾವಿರ ಚಿತ್ರಗಳನ್ನು ಕಲೆಹಾಕಿದ ಸಂಶೋಧಕರು 2015ರಲ್ಲಿ ತೋರಿಸಿದ್ದು ಇದನ್ನೇ: ದಶಕಗಳು ಉರುಳಿದಂತೆ ತುಟಿಯ ಮೂಲೆಗಳು ಮೇಲೇರುತ್ತ ಬಂದಿವೆ. ಮನೆಮನೆಗೆ ಕ್ಯಾಮರಾ ಬಂತು, ನಗು ಎಲ್ಲರ ಸೊತ್ತಾಯಿತು. ಎಲ್ಲರ ಸೊತ್ತಾದದ್ದನ್ನು ದುಬಾರಿ ಅಂಗಡಿ ತನ್ನ ಗುರುತಾಗಿ ಇಟ್ಟುಕೊಳ್ಳುವುದಿಲ್ಲ.

ಇದು ಬರೀ ಊಹೆಯಲ್ಲ. ಅಮೆರಿಕದ ಮನೋವಿಜ್ಞಾನಿ ತಿಮೋತಿ ಕೆಟೆಲಾರ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜಾಹೀರಾತುಗಳ ಮಾಡೆಲ್‌ಗಳ ಮುಖವನ್ನು ಬ್ರ್ಯಾಂಡಿನ ಅಂತಸ್ತಿನ ಜೊತೆ ಹೋಲಿಸಿ ನೋಡಿದರು. ಬ್ರ್ಯಾಂಡಿನ ಅಂತಸ್ತು ಇಳಿದಂತೆ ನಗು ಹೆಚ್ಚುತ್ತಿತ್ತು, ಏರಿದಂತೆ ಆರುತ್ತಿತ್ತು. ಚಿಕ್ಕೋಡಿ ಬಸ್‌ಸ್ಟ್ಯಾಂಡಿನಿಂದ ಬೆಳಗಾವಿಯ ಖಡೇಬಜಾರದವರೆಗೆ ಸೀರೆ, ಬಂಗಾರದ ಅಂಗಡಿಗಳ ಬೋರ್ಡು ನೋಡುತ್ತ ಹೋದರೆ ಈ ಮಾತಿಗೆ ಬೇರೆ ಪುರಾವೆ ಬೇಡ. ಅಲ್ಲಿ ಎಲ್ಲರೂ ನಗುತ್ತಾರೆ. ಬನ್ನಿ, ಒಳಗೆ ಬನ್ನಿ, ನೋಡಲು ದುಡ್ಡಿಲ್ಲ ಎನ್ನುವ ನಗು. ಮಿಲಾನ್, ಪ್ಯಾರಿಸ್‌ಗಳ ಮುಖ ಅದಕ್ಕೆ ವಿರುದ್ಧವಾಗಿ ಹೇಳುತ್ತದೆ: ನೀವು ಬಂದರೂ ಸರಿ, ಬಾರದಿದ್ದರೂ ಸರಿ.

ಹಾಗೆ ಹೇಳುವ ಮುಖದ ಒಡತಿಗೆ ಸಿಗುವ ಕೂಲಿಯ ಲೆಕ್ಕ ಓದಿದರೆ ಮನಸ್ಸಿಗೆ ನೋವಾಗುತ್ತದೆ. ಸಮಾಜಶಾಸ್ತ್ರಜ್ಞೆ ಆಶ್ಲಿ ಮಿಯರ್ಸ್ ನ್ಯೂಯಾರ್ಕ್, ಲಂಡನ್‌ಗಳಲ್ಲಿ ಸ್ವತಃ ಮಾಡೆಲ್ ಆಗಿ ದುಡಿಯುತ್ತಲೇ ಸಂಶೋಧನೆ ನಡೆಸಿ 2011ರಲ್ಲಿ 'ಪ್ರೈಸಿಂಗ್ ಬ್ಯೂಟಿ' ಎಂಬ ಪುಸ್ತಕ ಬರೆದರು. ಅವರು ಕಂಡದ್ದು: ಹೆಸರಾಂತ ಪತ್ರಿಕೆ, ದೊಡ್ಡ ಶೋಗಳಲ್ಲಿ ನಗದೆ ನಿಲ್ಲುವವರಿಗೆ ಗೌರವ ಹೆಚ್ಚು, ಹಣ ಕಡಿಮೆ, ಕೆಲವೊಮ್ಮೆ ಕೂಲಿಯ ಬದಲು ಬಟ್ಟೆಯೇ ಕೈಗೆ ಬರುತ್ತದೆ. ಕ್ಯಾಟಲಾಗಿನಲ್ಲಿ ಸ್ವೆಟರ್ ಹಾಕಿ ನಗುವವರಿಗೆ ಯಾರೂ ಗುರುತು ಹಿಡಿಯುವಂಥ ಹೆಸರಿಲ್ಲದಿದ್ದರೂ ಮನೆ ಬಾಡಿಗೆ ಕಟ್ಟುವಷ್ಟು ಸಂಪಾದನೆ ಇರುತ್ತದೆ. ಸಿರಿತನದ ಮುಖ ಹೊತ್ತು ನಡೆಯುವವರಲ್ಲಿ ಬಹಳಷ್ಟು ಜನ ಏಜೆನ್ಸಿಗೆ ಸಾಲ ತೀರಿಸುತ್ತಿರುತ್ತಾರೆ. ನ್ಯೂಯಾರ್ಕ್ ರಾಜ್ಯ ಇಂಥವರ ರಕ್ಷಣೆಗೆಂದು ತಂದ ಕಾನೂನು ಜಾರಿಯಾದದ್ದು 2025ರ ಜೂನ್‌ನಲ್ಲಿ, ಮಿಲಾನ್ ಶೋ ನಡೆದ ತಿಂಗಳಲ್ಲೇ. ಮಾಡೆಲ್‌ನ ಲಿಖಿತ ಒಪ್ಪಿಗೆ ಇಲ್ಲದೆ ಆಕೆಯ ಮುಖದ ಡಿಜಿಟಲ್ ನಕಲು ಮಾಡುವಂತಿಲ್ಲ ಎಂಬ ನಿಯಮವೂ ಅದರಲ್ಲಿದೆ. ಭಾವ ಕೊಟ್ಟದ್ದಾಯಿತು, ಮುಖವಾದರೂ ತಮ್ಮದಾಗಿ ಉಳಿಯಲಿ ಎಂದು ಕಾನೂನಿನ ಮೊರೆ ಹೋಗಬೇಕಾದ ಕಾಲ ಬಂದಿದೆ.

ನಗುವ ಒಂದು ಕಾಲವೂ ಇತ್ತು. 1991ರಲ್ಲಿ ಜಿಯಾನಿ ವೆರ್ಸಾಚೆಯ ಶೋದ ಕೊನೆಗೆ ನವೋಮಿ, ಸಿಂಡಿ ಕ್ರಾಫರ್ಡ್, ಲಿಂಡಾ ಇವಾಂಜೆಲಿಸ್ತಾ, ಕ್ರಿಸ್ಟಿ ಟರ್ಲಿಂಗ್ಟನ್ ಕೈ ಕೈ ಹಿಡಿದು, ಹಾಡಿಗೆ ತುಟಿ ಕುಣಿಸುತ್ತ ನಡೆದರು. ಆ ಮುಖಗಳಿಗೆ ಹೆಸರು ಬಂತು, ಹೆಸರಿಗೆ ಬೆಲೆ ಬಂತು, ಬೆಲೆ ಏರುತ್ತ ಹೋಯಿತು. ಆ ದಶಕ ಮುಗಿಯುವುದರೊಳಗೆ ಫ್ಯಾಶನ್ ಮನೆಗಳು ಮತ್ತೆ ಹೆಸರಿಲ್ಲದ ಎಳೆಯರ ಕಡೆಗೆ, ಸಪ್ಪಗಿನ ಮುಖದ ಕಡೆಗೆ ಹೊರಳಿದವು. ಬೆಲ್ಜಿಯಂನ ಮಾರ್ಟಿನ್ ಮಾರ್ಜೇಲಾ 1988ರ ತನ್ನ ಮೊದಲ ಶೋದಲ್ಲಿ ಮಾಡೆಲ್‌ಗಳ ಮುಖಕ್ಕೆ ಬಟ್ಟೆಯನ್ನೇ ಮುಚ್ಚಿ ನಡೆಸಿದ್ದ. ನಿರ್ಭಾವದ ದಾರಿ ಹಿಡಿದು ಕೊನೆಯವರೆಗೂ ಹೋದರೆ ಸೇರುವ ಜಾಗ ಅದು.

ಏನೂ ಹೇಳದ ಮುಖಕ್ಕೆ ಇಷ್ಟು ಶಕ್ತಿ ಎಲ್ಲಿಂದ ಬರುತ್ತದೆ ಎಂಬುದನ್ನು ಸಿನಿಮಾದವರು ಮೊದಲೇ ಕಂಡುಕೊಂಡಿದ್ದರು. ರಷ್ಯಾದ ಲೆವ್ ಕುಲೆಶೊವ್ ಸುಮಾರು ನೂರು ವರ್ಷಗಳ ಹಿಂದೆ ಮೊಝುಖಿನ್ ಎಂಬ ನಟನ ಒಂದೇ ಚಿತ್ರದ ತುಣುಕನ್ನು ಬೇರೆ ಬೇರೆ ದೃಶ್ಯಗಳ ಪಕ್ಕ ಜೋಡಿಸಿ ತೋರಿಸಿದ. ಸೂಪಿನ ಬಟ್ಟಲಿನ ಪಕ್ಕ ಆ ಮುಖ ಹಸಿದಂತೆ ಕಂಡಿತು, ಶವಪೆಟ್ಟಿಗೆಯ ಪಕ್ಕ ದುಃಖಿಸಿದಂತೆ ಕಂಡಿತು. ಮುಖ ಬದಲಾಗಿರಲೇ ಇಲ್ಲ. 1933ರ 'ಕ್ವೀನ್ ಕ್ರಿಸ್ಟಿನಾ' ಸಿನಿಮಾದ ಕೊನೆಯ ದೃಶ್ಯಕ್ಕೆ ನಿರ್ದೇಶಕ ರುಬೆನ್ ಮಮೂಲಿಯನ್ ನಟಿ ಗ್ರೆಟಾ ಗಾರ್ಬೊಗೆ ಏನನ್ನೂ ಯೋಚಿಸದೆ ಹಡಗಿನ ಮುಂಭಾಗದಲ್ಲಿ ನಿಲ್ಲು ಎಂದು ಹೇಳಿದ. ನೋಡಿದವರು ಆ ಬರಿ ಮುಖದಲ್ಲಿ ತಮ್ಮ ತಮ್ಮ ಸಂಕಟವನ್ನು ಓದಿಕೊಂಡರು. ರ‍್ಯಾಂಪಿನ ಲೆಕ್ಕಾಚಾರವೂ ಇದೇ. ಮುಖ ಖಾಲಿಯಿದ್ದಷ್ಟೂ ಕೊಳ್ಳುವವರು ಆ ಬಟ್ಟೆಯೊಳಗೆ ತಮ್ಮನ್ನೇ ಕಲ್ಪಿಸಿಕೊಳ್ಳುತ್ತಾರೆ.

ಈ ಸೀಮೆಯ ಜನರಿಗೆ ಮುಖದ ಪಾಠ ಹೇಳಿಕೊಟ್ಟ ಶಾಲೆಗಳು ಬೇರೆ. ಒಂದು, ಬಯಲಾಟ. ಇದೇ ಬೆಳಗಾವಿ ಜಿಲ್ಲೆಯ ಕುಳಗೋಡ ತಮ್ಮಣ್ಣ ತಿದ್ದಿ ಬೆಳೆಸಿದ, ಕೌಜಲಗಿ ನಿಂಗಮ್ಮ ಊರೂರಿಗೆ ಕೊಂಡೊಯ್ದ ಶ್ರೀಕೃಷ್ಣ ಪಾರಿಜಾತದಲ್ಲಿ ಸತ್ಯಭಾಮೆಯ ಸಿಟ್ಟು ಕೊನೆಯ ಸಾಲಿನಲ್ಲಿ ಚಾಪೆ ಹಾಸಿಕೊಂಡು ಕೂತವರಿಗೂ ಮುಟ್ಟಬೇಕು. ಹುಬ್ಬು ಹಾರಬೇಕು, ಮೂಗು ಅರಳಬೇಕು, ಕಣ್ಣೇ ಮಾತಾಡಬೇಕು. ಅಲ್ಲಿ ಪಾತ್ರಧಾರಿಯ ಮುಖ ಸಪ್ಪಗಾದರೆ ಜನ ಎದ್ದು ಹೋಗುತ್ತಾರೆ.

ಇನ್ನೊಂದು ಶಾಲೆ ಜೈನ ಬಸದಿ. ಸದಲಗಾದಲ್ಲಿ 1946ರಲ್ಲಿ ಹುಟ್ಟಿದ ಆಚಾರ್ಯ ವಿದ್ಯಾಸಾಗರ, ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರ, ಶೇಡಬಾಳದ ಆಚಾರ್ಯ ವಿದ್ಯಾನಂದರು ಈ ನೆಲದವರು. ಇಲ್ಲಿಯ ಊರೂರ ಬಸದಿಗಳಲ್ಲಿ, ಕೋಥಳಿ ಕುಪ್ಪಾನವಾಡಿಯ ಶಾಂತಿಗಿರಿಯಲ್ಲಿ ತೀರ್ಥಂಕರರ ಮುಖವೂ ಅಲುಗಾಡುವುದಿಲ್ಲ, ನಗುವುದಿಲ್ಲ, ಯಾರನ್ನೂ ಕರೆಯುವುದಿಲ್ಲ. ದೂರದಿಂದ ನೋಡಿದರೆ ಅದೂ ನಿರ್ಭಾವವೇ. ಆದರೆ ಆ ಮುಖ ಎಲ್ಲವನ್ನೂ ಬಿಟ್ಟು, ಉಟ್ಟ ಬಟ್ಟೆಯನ್ನೂ ಬಿಟ್ಟು ತಲುಪಿದ ಶಾಂತಿಯದು. ಒಳಗೆ ತುಂಬಿರುವುದರಿಂದ ಹೊರಗೆ ತುಳುಕದು. ರ‍್ಯಾಂಪಿನ ಮುಖ ಒಳಗಿನದನ್ನು ಸ್ವಲ್ಪ ಹೊತ್ತು ಹೊರಗಿಟ್ಟು ಬಂದದ್ದು, ಬಟ್ಟೆಗೆ ಜಾಗ ಮಾಡಿಕೊಡಲೆಂದು. ಎರಡನ್ನೂ ಒಂದೇ ಎಂದು ಇಲ್ಲಿಯ ಯಾರೂ ಮೋಸ ಹೋಗಲಾರರು.

ಈಗ ಚಪ್ಪಲಿಗೆ ಬರೋಣ. ಕೊಲ್ಹಾಪುರಿ ಎಂದು ಜಗತ್ತು ಕರೆಯುವ ಈ ಚಪ್ಪಲಿಯನ್ನು ಅಥಣಿ, ಮದಭಾವಿ, ನಿಪ್ಪಾಣಿ, ರಾಯಬಾಗ, ಚಿಕ್ಕೋಡಿಗಳ ಸಮಗಾರ ಮನೆಗಳಲ್ಲಿ ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ. ಎಮ್ಮೆಯ ತೊಗಲನ್ನು ಜಾಲಿಯ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡುತ್ತಾರೆ. ಮೊಳೆ ಹೊಡೆಯುವುದಿಲ್ಲ, ಚರ್ಮದ ದಾರದಿಂದಲೇ ಹೊಲಿಯುತ್ತಾರೆ. ಅಟ್ಟೆ ಕತ್ತರಿಸಿ ಬಡಿಯುವುದು ಹೆಚ್ಚಾಗಿ ಗಂಡಸರು, ಮೇಲಿನ ಪಟ್ಟಿಯ ಹೆಣಿಗೆ, ಸಣ್ಣ ಹೊಲಿಗೆ ಹೆಂಗಸರದು. ಕೆಲವು ಜೊತೆಗಳಲ್ಲಿ ಅಟ್ಟೆಯ ಪದರಗಳ ನಡುವೆ ಬೀಜ ಇಟ್ಟು ಹೊಲಿಯುತ್ತಾರೆ, ನಡೆದರೆ ಕರ್ ಕರ್ ಎನ್ನುತ್ತದೆ; ಯಾರು ಬರುತ್ತಿದ್ದಾರೆಂದು ಓಣಿಗೆ ಮೊದಲೇ ಗೊತ್ತಾಗುತ್ತದೆ. ಈ ಚಪ್ಪಲಿಯ ನಮೂನೆಗಳಲ್ಲಿ ಕಾಪಶಿಯಂಥ ಹೆಸರುಗಳು ಹುಟ್ಟಿದ್ದು ಮಾಡುವ ಊರಿನಿಂದಲೇ. ಊರು ಹೇಳಿದರೆ ಚಪ್ಪಲಿಯ ಚಹರೆ ಕಣ್ಣಿಗೆ ಬರುತ್ತಿತ್ತು.

ಈ ಕಸುಬಿನವರು ತಮ್ಮ ಬೇರು ಹುಡುಕುವುದು ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ, ಶರಣ ಹರಳಯ್ಯನಲ್ಲಿ. ಹರಳಯ್ಯ ಕೈಮುಗಿದು ಒಂದು ಶರಣು ಎಂದಾಗ ಬಸವಣ್ಣ ಮರಳಿ ಎರಡು ಶರಣು ಎಂದ. ಆ ಹೆಚ್ಚಿನ ಒಂದು ಶರಣಿನ ಭಾರ ಹೊರಲಾರದೆ ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ಒಯ್ದರು. ಬಸವಣ್ಣ ಅವನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತ. ಮಾಡಿದವರ ಮೈಯೇ ಚಪ್ಪಲಿಯಲ್ಲಿದೆ ಎಂದು ಅರಿತವರ ಕಥೆ ಇದು. ಕನ್ನಡದಲ್ಲಿ ಒಂದು ಜೊತೆ ಚಪ್ಪಲಿಗೆ ಇದಕ್ಕಿಂತ ದೊಡ್ಡ ಗೌರವ ಸಂದಿಲ್ಲ.

ಮುಂದೆ ಕೊಲ್ಹಾಪುರದ ಶಾಹೂ ಮಹಾರಾಜರು ಈ ಕಸುಬಿಗೆ ಆಸರೆಯಾದರು, ಅವರ ಆಳ್ವಿಕೆಯಲ್ಲಿ 29 ಚರ್ಮ ಹದ ಮಾಡುವ ಕೇಂದ್ರಗಳು ತೆರೆದವು. ಕೊಲ್ಹಾಪುರದ ಪೇಟೆ ದೊಡ್ಡದಾಯಿತು, ಪೇಟೆಯ ಹೆಸರೇ ಸರಕಿಗೂ ಅಂಟಿತು. ಗಡಿಯ ಈಚೆ ಮಾಡಿದ ಮಾಲು ಆಚೆಯ ಹೆಸರಲ್ಲಿ ಬಿಕರಿಯಾಗುತ್ತ ಬಂತು. 1990ರ ದಶಕದ ಕೊನೆಯ ಹೊತ್ತಿಗೆ ಅಥಣಿಯಲ್ಲಿ ಮಧುರಾ ಛತ್ರಪತಿ ಅವರ 'ಅಸೆಂಟ್' ಸಂಸ್ಥೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಹೆಣ್ಣುಮಕ್ಕಳ ಸ್ವಸಹಾಯ ಗುಂಪುಗಳನ್ನು ಕಟ್ಟಿತು. 'ಟೋಹೋಲ್ಡ್' ಎಂಬ ಹೆಸರಿನಲ್ಲಿ ಅವರ ಚಪ್ಪಲಿ ಹೊರದೇಶಕ್ಕೆ ಹೋಯಿತು. ಅದುವರೆಗೆ ಹೆಣೆಯುವ ಕೈಯಾಗಿ ಮಾತ್ರ ಇದ್ದ ಹೆಂಗಸರು ಲೆಕ್ಕ ಬರೆಯುವವರೂ, ಕೊಳ್ಳುವವರ ಜೊತೆ ಮಾತಾಡುವವರೂ ಆದರು. ಈ ಪ್ರಯತ್ನಕ್ಕೆ ಸಿಗಬೇಕಾದ ಪ್ರಚಾರ ಕನ್ನಡದಲ್ಲಿ ಸಿಗಲಿಲ್ಲ ಎಂಬುದು ಬೇಸರದ ಸಂಗತಿ.

2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕ ಮಾನ್ಯತೆ ಬಂದಾಗ ಅದು ಎರಡು ರಾಜ್ಯಗಳಿಗೂ ಜಂಟಿಯಾಗಿ ಸಂದಿತು: ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ, ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಆದರೂ ಮಿಲಾನ್ ಗದ್ದಲದ ಮೊದಲ ದಿನಗಳಲ್ಲಿ ಕೇಳಿಬಂದದ್ದು ಒಂದೇ ಊರಿನ ಹೆಸರು. ಸಚಿವ ಪ್ರಿಯಾಂಕ್ ಖರ್ಗೆ ಅವರು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳ ಕುಶಲಕರ್ಮಿಗಳನ್ನು ನೆನಪಿಸಿ ಬರೆಯಬೇಕಾಯಿತು. ಮಹಾರಾಷ್ಟ್ರ ವಾಣಿಜ್ಯ ಮಂಡಳಿ ಬರೆದ ಪತ್ರಕ್ಕೆ ಉತ್ತರಿಸಿದ ಪ್ರಾಡಾ, ಆ ಸ್ಯಾಂಡಲ್‌ಗೆ ಭಾರತದ ಸಾಂಪ್ರದಾಯಿಕ ಕೈಕಸುಬಿನ ಪಾದರಕ್ಷೆಯೇ ಪ್ರೇರಣೆ ಎಂದು ಒಪ್ಪಿಕೊಂಡಿತು.

ನಿರ್ಭಾವದ ಮುಖಕ್ಕೂ ಈ ಮರೆವಿಗೂ ಇರುವ ನಂಟು ಇಲ್ಲಿ ಕಾಣುತ್ತದೆ. ರ‍್ಯಾಂಪ್ ಒಂದು ವಸ್ತುವನ್ನು ತನ್ನ ಮೇಲೆ ಬರಮಾಡಿಕೊಳ್ಳುವ ಮೊದಲು ಅದರ ಸುತ್ತಲಿನ ಎಲ್ಲವನ್ನೂ ತೊಳೆದುಹಾಕುತ್ತದೆ. ತೊಟ್ಟವರ ಮನಸ್ಸು, ಮಾತು, ಹೆಸರು ಮೊದಲು ಹೋಗುತ್ತವೆ. ಆಮೇಲೆ ವಸ್ತುವಿನ ಊರು ಹೋಗುತ್ತದೆ, ಮಾಡಿದವರ ಕೈ ಹೋಗುತ್ತದೆ. ಹೀಗೆ ತೊಳೆದ ಮೇಲೆ ಉಳಿದದ್ದಕ್ಕೆ ಕಂಪನಿಯ ಹೆಸರೊಂದೇ ಅಂಟುತ್ತದೆ. ಯಂತ್ರದಲ್ಲಿ ನೇಯ್ದ, ಎಲ್ಲಿಯದೆಂದು ಹೇಳಲಾಗದ ಬಟ್ಟೆಗೆ ಇದರಿಂದ ನಷ್ಟವೇನೂ ಇಲ್ಲ. ಜಾಲಿಯ ತೊಗಟೆ, ಎಮ್ಮೆಯ ತೊಗಲು, ಹೆಣೆಯುವ ಬೆರಳುಗಳಿಂದಲೇ ತನ್ನ ಗುಣ ಪಡೆದ ಚಪ್ಪಲಿಗೆ ಆಗುವುದು ಪೂರ್ತಿ ನಷ್ಟ. ಮಿಲಾನ್‌ನಲ್ಲಿ ನಡೆದ ಹುಡುಗರ ತಪ್ಪು ಇದರಲ್ಲಿ ಏನೂ ಇಲ್ಲ. ತಮ್ಮ ಕಾಲಲ್ಲಿ ಇರುವುದೇನು, ಎಲ್ಲಿಯದು ಎಂದು ಅವರಿಗೆ ಯಾರಾದರೂ ಹೇಳಿದ್ದರೇ ಎಂಬುದೇ ಅನುಮಾನ.

2025ರ ಡಿಸೆಂಬರ್‌ನಲ್ಲಿ ಮುಂಬೈನಲ್ಲಿ ಪ್ರಾಡಾ ಕಂಪನಿ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಮಹಾರಾಷ್ಟ್ರದ ಪರವಾಗಿ ಲಿಡ್ಕಾಂ, ಕರ್ನಾಟಕದ ಪರವಾಗಿ ಡಾ. ಬಾಬು ಜಗಜೀವನರಾಂ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಲಿಡ್ಕರ್. ಮೊದಲಿಗೆ 2,000 ಜೊತೆ ಇಲ್ಲೇ ತಯಾರಾಗಬೇಕು, ಜೊತೆಯ ಬೆಲೆ ಸುಮಾರು 800 ಯೂರೋ, ಕುಶಲಕರ್ಮಿಗಳಿಗೆ ತರಬೇತಿ ಸಿಗಬೇಕು ಎಂಬುದು ಅದರ ಸಾರ. ಸಂತೆಯಲ್ಲಿ ಸಾವಿರ ರೂಪಾಯಿಯ ಆಸುಪಾಸಿಗೆ ಸಿಗುವ ಚಪ್ಪಲಿಗೂ ಈ ಬೆಲೆಗೂ ನಡುವಿನ ಅಂತರದಲ್ಲಿ ಎಷ್ಟು ಪಾಲು ಅಥಣಿ, ನಿಪ್ಪಾಣಿಯ ಮನೆಗಳಿಗೆ ಬರುತ್ತದೆ ಎಂದು ಲೆಕ್ಕ ಕೇಳುವುದು ಜನಪ್ರತಿನಿಧಿಗಳ ಕೆಲಸ, ಪತ್ರಿಕೆಗಳ ಕೆಲಸ ಕೂಡ.

ಕೇಳಬೇಕಾದದ್ದು ಇನ್ನೂ ಒಂದಿದೆ. ಮಿಲಾನ್ ಗದ್ದಲದ ಬೆನ್ನಿಗೇ ಲಿಡ್ಕಾಂ ತನ್ನ ಕಡೆಯ ಚಪ್ಪಲಿಗಳಿಗೆ ಕ್ಯೂಆರ್ ಕೋಡ್ ಹಾಕಲು ಮುಂದಾಯಿತು. ಮೊಬೈಲ್ ಹಿಡಿದರೆ ಮಾಡಿದವರ ಹೆಸರು, ಊರು, ಬಳಸಿದ ಚರ್ಮ, ಮಾಡಿದ ಬಗೆ ತೆರೆಯ ಮೇಲೆ ಬರುತ್ತದೆ. ಈಚೆ ಬದಿಯ ಪ್ರತಿಯೊಂದು ಜೊತೆಗೂ ಅದು ಬರಬೇಕು, ಕನ್ನಡದಲ್ಲಿಯೂ ಇರಬೇಕು. ಮಿಲಾನ್‌ನ ಅಂಗಡಿಗೆ ಹೋಗುವ ಪೆಟ್ಟಿಗೆಯೊಳಗೆ ಹೆಣೆದವರ ಹೆಸರು, ಅವರ ಊರು, ಅವರು ಒಪ್ಪಿದರೆ ಅವರ ಒಂದು ಫೋಟೋ ಇರುವ ಚೀಟಿ ಕಡ್ಡಾಯವಾಗಿ ಹೋಗಬೇಕೆಂದು ಲಿಡ್ಕರ್ ಒಪ್ಪಂದದಲ್ಲೇ ಬರೆಸಬಹುದು. ಆ ಫೋಟೋಕ್ಕೆ ನಗಬೇಕೋ ಬೇಡವೋ ಎಂಬುದನ್ನು ಚಪ್ಪಲಿ ಮಾಡಿದವರೇ ನಿರ್ಧರಿಸಲಿ.